ಪಾಪ್ ಸಾರ್‌ಗೆ ಇಷ್ಟೊಂದು ಫಾಲೋವರ್ಸ್ ಎಲ್ಲಿಂದ ಬಂದರು?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಪ್ರೀಮಿಯರ್ ಲೀಗ್ ತಪ್ಪದೆ ನೋಡುತ್ತೇನೆ. ಟಾಟೆನ್‌ಹ್ಯಾಮ್‌ನ ಸೆನೆಗಲ್ ಆಟಗಾರ ಪಾಪ್ ಮತಾರ್ ಸಾರ್ ಗೋಲು ಹೊಡೆಯೋದು ಅಪರೂಪ. ಎಷ್ಟೋ ಸಲ ಬೆಂಚ್ ಮೇಲೆ ಕೂತಿರುತ್ತಾನೆ. ಆದರೂ ಇನ್‌ಸ್ಟಾಗ್ರಾಮ್‌ನಲ್ಲಿ ಲಕ್ಷಾಂತರ ಜನ ಫಾಲೋ ಮಾಡುತ್ತಾರೆ, ಒಂದು ಫೋಟೋ ಹಾಕಿದರೆ ಕಾಮೆಂಟ್‌ಗಳ ಸುರಿಮಳೆ. ಅದೇ ದೇಶದ ನಿಕೋಲಸ್ ಜಾಕ್ಸನ್ ಹೆಸರು ಎತ್ತಿದರೆ ನನ್ನ ರೂಮ್‌ಮೇಟ್‌ಗಳು ನಗುತ್ತಾರೆ, ಆದರೆ ಮಾತೆಲ್ಲ ಅವನದ್ದೇ. ಈ ಜನಪ್ರಿಯತೆ ನಿಜವಾದದ್ದಾ, ದುಡ್ಡು ಕೊಟ್ಟು ಮಾಡಿಸಿದ್ದಾ? ಇದರಿಂದ ಆಟಗಾರನಿಗೆ ಏನು ಸಿಗುತ್ತೆ?

ಉತ್ತರ: ದುಡ್ಡಿನ ಅನುಮಾನ ಮೊದಲು ಮುಗಿಸಿಬಿಡೋಣ. ಸಾರ್ ವಿಷಯದಲ್ಲಿ ಹಾಗೆ ಅಂದುಕೊಳ್ಳೋಕೆ ನನಗೆ ಯಾವ ಕಾರಣವೂ ಕಾಣುತ್ತಿಲ್ಲ. ಆದರೆ ಆ ಲಕ್ಷಾಂತರ ಜನರೆಲ್ಲ ಅವನ ಆಟಕ್ಕೆ ಮನಸೋತು ಬಂದವರು ಅಂದುಕೊಂಡರೆ ಅದೂ ಸರಿಯಲ್ಲ. ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಕಾರಣಕ್ಕೆ ಬಂದ ಗುಂಪುಗಳು ಒಂದೇ ಅಂಗಳದಲ್ಲಿ ನಿಂತಿವೆ. ಒಬ್ಬರಿಗೆ ಇನ್ನೊಬ್ಬರ ಪರಿಚಯ ಇಲ್ಲ. ನಮಗೆ ಕಾಣೋದು ಒಟ್ಟು ಅಂಕಿ ಮಾತ್ರ. ಅದನ್ನ ಬಿಡಿಸಿ ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಅತಿ ದೊಡ್ಡ ಗುಂಪು ಬಂದಿದ್ದು ಜೆರ್ಸಿಯ ಹಿಂದೆ. 2021ರ ಆಗಸ್ಟ್‌ನಲ್ಲಿ ಟಾಟೆನ್‌ಹ್ಯಾಮ್ ಅವನನ್ನು ಫ್ರಾನ್ಸ್‌ನ ಮೆಟ್ಜ್ ಕ್ಲಬ್‌ನಿಂದ ಕೊಂಡುಕೊಂಡಿತು. ಆಗ ಅವನಿಗೆ 19 ಕೂಡ ತುಂಬಿರಲಿಲ್ಲ. ಕೊಂಡ ಕೂಡಲೇ, ಇನ್ನೊಂದು ವರ್ಷ ಅಲ್ಲೇ ಆಡಿಕೊಂಡಿರು ಅಂತ ಮೆಟ್ಜ್‌ಗೇ ವಾಪಸ್ ಕಳಿಸಿತು. ಟಾಟೆನ್‌ಹ್ಯಾಮ್ ತಂಡದಲ್ಲಿ ಅವನಿಗೆ ಅವಕಾಶ ಸಿಕ್ಕಿದ್ದು 2023ರ ಜನವರಿಯಲ್ಲಿ. ಅಂದರೆ ಹತ್ತಿರ ಹತ್ತಿರ ಒಂದೂವರೆ ವರ್ಷ ಆ ಕ್ಲಬ್‌ಗಾಗಿ ಲೆಕ್ಕಕ್ಕೆ ಬರುವ ಒಂದು ಪಂದ್ಯವನ್ನೂ ಅವನು ಆಡಿರಲಿಲ್ಲ. ಹಾಗಂತ ಅಭಿಮಾನಿಗಳು ಕಾದು ಕೂರುವುದಿಲ್ಲ. ದೊಡ್ಡ ಕ್ಲಬ್ ಒಬ್ಬನ ಹೆಸರು ಟ್ಯಾಗ್ ಮಾಡಿ ಸ್ವಾಗತ ಅಂತ ಪೋಸ್ಟ್ ಹಾಕಿದ ದಿನವೇ ಅದರ ಅಭಿಮಾನಿಗಳು ಆ ಹೊಸ ಹುಡುಗನ ಪ್ರೊಫೈಲ್‌ಗೆ ಮುಗಿಬೀಳುತ್ತಾರೆ. ಯೂಟ್ಯೂಬ್‌ನಲ್ಲಿ ಅವನ ಹಳೇ ಪಂದ್ಯಗಳ ತುಣುಕು ಹುಡುಕುತ್ತಾರೆ. ಒಬ್ಬ ಆಟಗಾರನನ್ನು ಫಾಲೋ ಮಾಡಿದರೆ ಅದೇ ತಂಡದ ಇನ್ನೂ ನಾಲ್ಕು ಜನರನ್ನು ಇನ್‌ಸ್ಟಾಗ್ರಾಮ್ ತಾನಾಗಿಯೇ ತೋರಿಸುತ್ತದೆ. ಸುಮ್ನೆ ಒತ್ತಿಬಿಡುತ್ತೇವೆ, ಅಲ್ವಾ? ಪ್ರೀಮಿಯರ್ ಲೀಗ್‌ನಲ್ಲಿ ಗ್ಲೌಸ್ ಹಾಕಿಕೊಂಡು ವರ್ಷವಿಡೀ ಕೂತೇ ಇರುವ ಮೂರನೇ ಗೋಲ್‌ಕೀಪರ್‌ಗೂ ಈ ಪಾಲು ಸಿಗುತ್ತದೆ. ಇದು ಕ್ಲಬ್ ಕೊಟ್ಟ ಸಾಲ. ಕ್ಲಬ್ ಬಿಟ್ಟರೆ ಇವರಲ್ಲಿ ಒಂದಷ್ಟು ಜನ ಹೋಗುತ್ತಾರೆ, ಇನ್ನೊಂದಷ್ಟು ಜನ ಮರೆತು ಹಾಗೇ ಉಳಿಯುತ್ತಾರೆ.

ಆಮೇಲೆ ಕ್ಲಿಪ್‌ಗಳು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಗೋಲು ಕಡಿಮೆ, ಹೆಸರು ಜಾಸ್ತಿ ಯಾಕೆ ಅಂತ ನೀವು ಕೇಳಿದ್ದಕ್ಕೆ ಉತ್ತರ ಸಾರ್‌ನದ್ದೇ ಎರಡು ಪಂದ್ಯಗಳಲ್ಲಿದೆ.

ಮೊದಲನೆಯದು 2025ರ ಮೇ 21. ಸ್ಪೇನ್‌ನ ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ಟಾಟೆನ್‌ಹ್ಯಾಮ್ ಕೈಗೆ 2008ರ ನಂತರ ಒಂದು ಕಪ್ಪೂ ಸಿಕ್ಕಿರಲಿಲ್ಲ. ಆ ವರ್ಷ ಪ್ರೀಮಿಯರ್ ಲೀಗ್‌ನ 20 ತಂಡಗಳಲ್ಲಿ ಅದು 17ನೇ ಸ್ಥಾನಕ್ಕೆ ಕುಸಿದಿತ್ತು. ಮ್ಯಾಡಿಸನ್, ಕುಲುಸೆವ್ಸ್ಕಿ ಥರದ ಆಟಗಾರರು ಗಾಯಗೊಂಡು ಹೊರಗಿದ್ದರು. ಮಿಡ್‌ಫೀಲ್ಡ್‌ನಲ್ಲಿ ಬಿಸೂಮಾ, ಬೆಂಟಾಂಕುರ್ ಜೊತೆ ಸಾರ್. 42ನೇ ನಿಮಿಷ. ಎಡಗಡೆಯಿಂದ ಸಾರ್ ಒಂದು ಕ್ರಾಸ್ ಹಾಕುತ್ತಾನೆ, ಅಂದರೆ ಚೆಂಡನ್ನು ಗೋಲಿನ ಮುಂದಕ್ಕೆ ಕಳಿಸುತ್ತಾನೆ. ಚೆಂಡು ಗೋಲಿನ ಮುಂದೆ ಬ್ರೆನನ್ ಜಾನ್ಸನ್ ಮತ್ತು ಯುನೈಟೆಡ್‌ನ ಲ್ಯೂಕ್ ಶಾ ನಡುವೆ ಬೀಳುತ್ತದೆ. ಯಾರ ಕಾಲಿಗೆ ತಾಗಿತು, ಯಾರ ಮೈಗೆ ತಾಗಿತು ಅಂತ ಒಂದು ಕ್ಷಣ ಗೊತ್ತೇ ಆಗುವುದಿಲ್ಲ. ತೆವಳಿಕೊಂಡು ಹೋದ ಹಾಗೆ ಹೋಗಿ ಚೆಂಡು ಗೆರೆ ದಾಟುತ್ತದೆ. ಪಂದ್ಯದ ಒಂದೇ ಒಂದು ಗೋಲು ಅದು. ಕಪ್ ಗೆದ್ದಿದ್ದು ಅದರಿಂದಲೇ. ಆ ಕ್ಲಬ್‌ಗೆ 1984ರ ನಂತರ ಯುರೋಪ್ ಮಟ್ಟದಲ್ಲಿ ಸಿಕ್ಕ ಮೊದಲ ಕಪ್.

ಇಷ್ಟೆಲ್ಲ ಆದರೂ ಆ ರಾತ್ರಿ ಫೋನ್‌ಗಳಲ್ಲಿ ಓಡಾಡಿದ್ದೇನು? ಗೋಲಿಗಿಂತ ಹೆಚ್ಚು ಹಂಚಿದ್ದು ಟಾಟೆನ್‌ಹ್ಯಾಮ್ ಡಿಫೆಂಡರ್ ಮಿಕಿ ವಾನ್ ಡೆ ವೆನ್ ಎರಡನೇ ಅರ್ಧದಲ್ಲಿ ಗಾಳಿಯಲ್ಲಿ ಅಡ್ಡಲಾಗಿ ಹಾರಿ ಗೆರೆ ಮೇಲಿಂದ ಚೆಂಡು ಒದ್ದು ಆಚೆ ಹಾಕಿದ ಚಿತ್ರ. ಆಮೇಲೆ ನಾಯಕ ಸೋನ್ ಹ್ಯುಂಗ್-ಮಿನ್ ಕಪ್ ಎತ್ತಿದ್ದು. ಸಾರ್‌ನ ಕ್ರಾಸ್ ಯಾವ ಲೆಕ್ಕಕ್ಕೂ ಬರಲಿಲ್ಲ. ಬರುವುದೂ ಕಷ್ಟ. ಗೋಲು ನೋಡೋಕೆ ಚೆನ್ನಾಗಿರಲಿಲ್ಲ. ಯಾರು ಹೊಡೆದದ್ದು ಅನ್ನೋದರಲ್ಲೇ ಗೊಂದಲ. ಹತ್ತು ಸೆಕೆಂಡಿನ ತುಣುಕಿನಲ್ಲಿ ನೋಡಿದವರಿಗೆ ಅದು ಅದೃಷ್ಟ ಅನ್ನಿಸಿತೇ ಹೊರತು ಯಾರದೋ ಕೌಶಲ ಅನ್ನಿಸಲಿಲ್ಲ.

ಎರಡನೆಯದು ಅದೇ ವರ್ಷ ಜುಲೈ 31. ಹಾಂಗ್‌ಕಾಂಗ್‌ನ ಕೈ ಟಕ್ ಕ್ರೀಡಾಂಗಣ. ಆರ್ಸೆನಲ್ ವಿರುದ್ಧ ಸೌಹಾರ್ದ ಪಂದ್ಯ. ಉತ್ತರ ಲಂಡನ್ ಡರ್ಬಿ, ಅಂದರೆ ಈ ಎರಡು ನೆರೆಹೊರೆ ತಂಡಗಳ ಕಾದಾಟ, ಬ್ರಿಟನ್ ಆಚೆ ನಡೆದಿದ್ದು ಅದೇ ಮೊದಲು. ಮೊದಲಾರ್ಧ ಮುಗಿಯುವ ಹೊತ್ತಿಗೆ ಆರ್ಸೆನಲ್ ಆಟಗಾರ ಮಧ್ಯದ ಗೆರೆ ಹತ್ತಿರ ಚೆಂಡು ಕಳೆದುಕೊಂಡ. ಗೋಲ್‌ಕೀಪರ್ ಡೇವಿಡ್ ರಾಯಾ ಗೋಲು ಬಿಟ್ಟು ಮುಂದೆ ಬಂದಿದ್ದ. ಸಾರ್ ತಲೆ ಎತ್ತಿ ಒಂದು ಸಲ ನೋಡಿದ, ಅಲ್ಲಿಂದಲೇ ಬಾರಿಸಿದ. ರಾಯಾ ಹಿಂದೆ ಹಿಂದೆ ಓಡಿದ. ಚೆಂಡು ಅವನ ತಲೆ ಮೇಲಿಂದ ಹೋಗಿ ಬಲೆಯಲ್ಲಿ ಬಿತ್ತು. ಪಂದ್ಯ 1-0.

ಆ ಪಂದ್ಯದ ಫಲಿತಾಂಶ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಪಾಯಿಂಟ್ ಇಲ್ಲ, ಲೀಗ್ ಇಲ್ಲ. ಆದರೆ ಕ್ಲಿಪ್‌ಗೆ ಬೇಕಾದ ಎಲ್ಲವೂ ಆ ಹತ್ತು ಸೆಕೆಂಡಿನಲ್ಲಿತ್ತು. ಫುಟ್‌ಬಾಲ್ ಗೊತ್ತಿಲ್ಲದವರಿಗೂ ಅರ್ಥವಾಗುತ್ತದೆ. ವಿವರಣೆ ಬೇಡ. ಎದುರಾಳಿ ಆರ್ಸೆನಲ್, ಹಾಗಾಗಿ ಕಾಲೆಳೆಯೋಕೆ ಒಳ್ಳೇ ಸರಕು. ಟಾಟೆನ್‌ಹ್ಯಾಮ್ ಅಭಿಮಾನಿಗಳು ಹೆಮ್ಮೆಯಿಂದ ಹಂಚಿದರು. ಚೆಲ್ಸಿ, ಯುನೈಟೆಡ್ ಅಭಿಮಾನಿಗಳು ಆರ್ಸೆನಲ್ ಗೆಳೆಯರಿಗೆ ಉರಿಸೋಕೆ ಕಳಿಸಿದರು. ಆರ್ಸೆನಲ್‌ನವರು ಸೌಹಾರ್ದ ಪಂದ್ಯ ಬಿಡ್ರೋ ಅಂತ ಜಗಳಕ್ಕೆ ಬಂದರು. ನಾಲ್ಕೂ ಕಡೆಯವರು ಸೇರಿ ಆ ಹುಡುಗನ ಹೆಸರನ್ನು ಓಡಾಡಿಸಿದರು. ನನ್ನ ಮಟ್ಟಿಗೆ ಬಿಲ್ಬಾವೊದ ಕ್ರಾಸ್ ಅವನ ಕ್ಲಬ್ ಜೀವನದ ಅತಿ ದೊಡ್ಡ ಕೆಲಸ. ಆನ್‌ಲೈನ್‌ನಲ್ಲಿ ಮಾತ್ರ ಹಾಂಗ್‌ಕಾಂಗ್ ಅದನ್ನ ಸಲೀಸಾಗಿ ಹಿಂದಿಕ್ಕಿತು.

ಅವನ ದಿನನಿತ್ಯದ ಕೆಲಸವಂತೂ ಕ್ಲಿಪ್‌ಗೆ ಸಿಗೋದೇ ಇಲ್ಲ. ಸಾರ್ ಓಡುವ ಆಟಗಾರ. ಎದುರಾಳಿ ಚೆಂಡು ತಿರುಗಿಸುವ ಮೊದಲೇ ಮೈಮೇಲೆ ಬೀಳುತ್ತಾನೆ. ತನ್ನ ಫುಲ್‌ಬ್ಯಾಕ್, ಅಂದರೆ ಅಂಚಿನ ಡಿಫೆಂಡರ್, ಮುಂದೆ ಹೋದಾಗ ಆ ಖಾಲಿ ಜಾಗಕ್ಕೆ ಹೋಗಿ ನಿಲ್ಲುತ್ತಾನೆ. ಕ್ರಿಕೆಟ್‌ನಲ್ಲಿ ಒಂದು ತುದಿಯಿಂದ ರನ್ ಕೊಡದೆ ಓವರ್ ಮೇಲೆ ಓವರ್ ಹಾಕುವ ಬೌಲರ್ ಇರುತ್ತಾನಲ್ಲ, ವಿಕೆಟ್ ಮಾತ್ರ ಇನ್ನೊಂದು ತುದಿಯವನಿಗೆ ಬೀಳುತ್ತದೆ, ಹಾಗೆ. ಪೂರ್ತಿ ಪಂದ್ಯ ನೋಡುವವರಿಗೆ ಅವನ ಬೆಲೆ ಗೊತ್ತು. ರೀಲ್ಸ್ ನೋಡುವವರಿಗೆ ಅವನು ಒಂದು ನಗು ಮತ್ತು ಒಂದು ಉದ್ದನೆಯ ಗೋಲು.

ನಗು ಅಂದೆ. ಅದನ್ನ ಹಗುರವಾಗಿ ತಗೋಬೇಡಿ. ಕ್ಯಾಮೆರಾ ಎದುರು ಬಂದರೆ ಮುಖವಿಡೀ ನಗು ಈ ಹುಡುಗನದ್ದು. ಕ್ಲಬ್‌ನ ಸೋಷಿಯಲ್ ಮೀಡಿಯಾ ತಂಡಕ್ಕೆ ಇಂಥವನೊಬ್ಬ ಸಿಕ್ಕರೆ ಹಬ್ಬ. ಟ್ರೇನಿಂಗ್ ವಿಡಿಯೋ, ಬಸ್ಸಿನಿಂದ ಇಳಿಯುವ ವಿಡಿಯೋ, ಡ್ರೆಸ್ಸಿಂಗ್ ರೂಮ್ ಕುಣಿತ, ಎಲ್ಲದರಲ್ಲೂ ಇವನನ್ನು ಮುಂದೆ ಇಡುತ್ತಾರೆ. ಬೆಂಚ್ ಮೇಲೆ ಇದ್ದ ವಾರದಲ್ಲೂ ಮುಖ ಜನರ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಆ ನಗುವಿನಷ್ಟೇ ಅವನ ಅಳುವೂ ಕೆಲಸ ಮಾಡಿದೆ. 2023ರ ಡಿಸೆಂಬರ್ 31ರಂದು ಬೋರ್ನ್‌ಮತ್ ವಿರುದ್ಧ ಮನೆಯಂಗಳದಲ್ಲಿ ಪಂದ್ಯ. ಶುರುವಿನಲ್ಲೇ ಸಾರ್ ಗೋಲು ಹೊಡೆದ. ಅರ್ಧ ಗಂಟೆಯ ಆಸುಪಾಸಿನಲ್ಲಿ ಕಾಲು ಹಿಡಿದುಕೊಂಡು ಕೂತುಬಿಟ್ಟ. ಹೊರಗೆ ನಡೆಯುವಾಗ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಜೊತೆ ಆಟಗಾರರು ಬಂದು ತಬ್ಬಿಕೊಂಡರು. ಎರಡೇ ವಾರದಲ್ಲಿ ಐವರಿಕೋಸ್ಟ್‌ನಲ್ಲಿ ಆಫ್ರಿಕಾ ಕಪ್ ಇತ್ತು. ಅದು ಕೈತಪ್ಪಿ ಹೋಯಿತು ಅಂತ ಹುಡುಗ ಕುಸಿದಿದ್ದ. ಕೊನೆಗೆ ಗಾಯ ಅಷ್ಟೇನೂ ದೊಡ್ಡದಾಗಿರಲಿಲ್ಲ, ಹೋಗಿ ಆಡಿದ. ಆದರೆ ಆ ದೃಶ್ಯ ಲಂಡನ್‌ನಲ್ಲಿ ಒಂದು ಥರ ಓಡಿತು, ಸೆನೆಗಲ್ ರಾಜಧಾನಿ ಡಾಕರ್‌ನಲ್ಲಿ ಇನ್ನೊಂದು ಥರ. ಲಂಡನ್‌ನವರಿಗೆ ಅಯ್ಯೋ ಪಾಪ. ಸೆನೆಗಲ್‌ನವರಿಗೆ, ನೋಡಿ, ನಮ್ಮ ಹುಡುಗನಿಗೆ ದೇಶದ ಜೆರ್ಸಿ ಅಂದರೆ ಇಷ್ಟು ಪ್ರಾಣ.

ಮೂರನೇ ಗುಂಪು ನಿಮಗೆ ಆಶ್ಚರ್ಯ ಅನ್ನಿಸಬಹುದು. ಕೊರಿಯಾದವರು. ಸೋನ್ 2015ರಿಂದ 2025ರವರೆಗೆ ಟಾಟೆನ್‌ಹ್ಯಾಮ್‌ನಲ್ಲಿದ್ದರು. ಆ ಹತ್ತು ವರ್ಷ ಇಡೀ ದಕ್ಷಿಣ ಕೊರಿಯಾ ಆ ಕ್ಲಬ್ಬನ್ನು ತಮ್ಮದೇ ತಂಡ ಅನ್ನೋ ಹಾಗೆ ನೋಡಿತು. ಸೋನ್ ಸುತ್ತ ಯಾರಿದ್ದಾರೆ, ಯಾರು ಅವರನ್ನು ಅಣ್ಣನ ಹಾಗೆ ಕಾಣುತ್ತಾರೆ, ಯಾರು ಪಾಸ್ ಕೊಡುವುದಿಲ್ಲ, ಎಲ್ಲದಕ್ಕೂ ಲೆಕ್ಕ ಇಡುತ್ತಿದ್ದರು. ಸೋನ್‌ಗೆ ಅಂಟಿಕೊಂಡೇ ಓಡಾಡುತ್ತಿದ್ದ ಸಾರ್ ಅವರಿಗೂ ತಮ್ಮನಾದ. ಅವನ ಫೋಟೋಗಳ ಕೆಳಗೆ ಕೊರಿಯನ್ ಅಕ್ಷರಗಳು ಯಾಕಿವೆ ಅಂತ ನಿಮಗೆ ಅನುಮಾನ ಬಂದಿದ್ದರೆ ಕಾರಣ ಇಷ್ಟೇ. ನಕಲಿ ಖಾತೆ ಅಂದುಕೊಂಡುಬಿಡಬೇಡಿ. 2025ರ ಆಗಸ್ಟ್ 3ರಂದು ಸೋಲ್‌ನಲ್ಲಿ ನ್ಯೂಕ್ಯಾಸಲ್ ವಿರುದ್ಧ ಆಡಿ ಸೋನ್ ತಂಡಕ್ಕೆ ವಿದಾಯ ಹೇಳಿದರು, ಅಮೆರಿಕದ ಲಾಸ್ ಏಂಜಲೀಸ್ ಕ್ಲಬ್‌ಗೆ ಹೋದರು. ಈ ಗುಂಪು ಈಗ ಸೋನ್ ಹಿಂದೆ ಅಲ್ಲಿಗೆ ಹೊರಟಿದೆ. ಹೋಗುವಾಗ ಅನ್‌ಫಾಲೋ ಒತ್ತಿ ಹೋಗುವವರು ಕಡಿಮೆ, ಆದ್ದರಿಂದ ಅಂಕಿ ಇಳಿಯುವುದಿಲ್ಲ. ಲೈಕ್, ಕಾಮೆಂಟ್ ಮಾತ್ರ ನಿಧಾನವಾಗಿ ತೆಳುವಾಗುತ್ತದೆ.

ಇನ್ನು ಸೆನೆಗಲ್. ಗಟ್ಟಿ ನೆಲ ಅಂದರೆ ಇದೇ.

ಸಾರ್ ಹುಟ್ಟಿದ್ದು 2002ರಲ್ಲಿ, ಡಾಕರ್‌ಗೆ ಅಂಟಿಕೊಂಡಿರುವ ತಿಯಾರೊಯ್‌ನಲ್ಲಿ. ಸಮುದ್ರ ಪಕ್ಕ, ಮೀನುಗಾರರು ಜಾಸ್ತಿ. ಮರದ ದೋಣಿಗಳಲ್ಲಿ ಸ್ಪೇನ್ ಕಡೆ ಹೊರಟು ವಾಪಸ್ ಬಾರದ ಹುಡುಗರ ಕಥೆ ಆ ಊರಿನ ಮನೆ ಮನೆಗೂ ಗೊತ್ತು. 1944ರಲ್ಲಿ ಬಾಕಿ ಸಂಬಳ ಕೇಳಿದ ಆಫ್ರಿಕನ್ ಸೈನಿಕರ ಮೇಲೆ ಫ್ರೆಂಚರು ಗುಂಡು ಹಾರಿಸಿದ್ದೂ ಅಲ್ಲೇ. ಇಂಥ ಊರಿನಿಂದ ಒಬ್ಬ ಹುಡುಗ ವಿಮಾನ ಹತ್ತಿ, ಕೈಯಲ್ಲಿ ಕಾಗದಪತ್ರ ಹಿಡಿದು, ಸಂಬಳಕ್ಕೆ ಯುರೋಪಿಗೆ ಹೋದ ಅಂದರೆ ಅಲ್ಲಿಯವರಿಗೆ ಅದು ಬರೀ ಫುಟ್‌ಬಾಲ್ ಸುದ್ದಿ ಅಲ್ಲ.

ಹೋದ ದಾರಿಯೂ ಎಲ್ಲರಿಗೂ ಗೊತ್ತಿರುವ ದಾರಿ. ಡಾಕರ್ ಹೊರವಲಯದಲ್ಲಿ ಜೆನೆರಾಸ್ಯೋನ್ ಫೂಟ್ ಅಂತ ಒಂದು ಅಕಾಡೆಮಿ ಇದೆ. 2000ದಲ್ಲಿ ಮಾಡಿ ಟೂರೆ ಶುರು ಮಾಡಿದ್ದು. ಫ್ರಾನ್ಸ್‌ನ ಮೆಟ್ಜ್ ಜೊತೆ ಅದಕ್ಕೆ ಹಳೇ ಒಪ್ಪಂದ. ಚೆನ್ನಾಗಿ ಆಡುವ ಹುಡುಗರು 18 ತುಂಬಿದ ಮೇಲೆ ಮೆಟ್ಜ್‌ಗೆ ಹೋಗುತ್ತಾರೆ. ಅದಕ್ಕೂ ಮುಂಚೆ ದೇಶ ದಾಟಿಸಿ ಕರೆದುಕೊಂಡು ಹೋಗೋಕೆ ಫಿಫಾ ನಿಯಮ ಸುಲಭವಾಗಿ ಬಿಡುವುದಿಲ್ಲ. ಸಾಡಿಯೊ ಮಾನೆ, ಇಸ್ಮಾಯಿಲಾ ಸಾರ್ ಹೋದದ್ದು ಹೀಗೇ. ಪಾಪ್ ಸಾರ್ 2020ರಲ್ಲಿ ಹೋದ. ಅವನ ಹಿಂದೆ ಲಮಿನ್ ಕಮಾರಾ ಹೋದ. ಹೀಗಾಗಿ ಸೆನೆಗಲ್ ಅಭಿಮಾನಿಗಳು ಹುಡುಗನನ್ನು ಟಾಟೆನ್‌ಹ್ಯಾಮ್ ಕೊಂಡ ಮೇಲೆ ಕಂಡುಹಿಡಿದವರಲ್ಲ. ಅವನ ಹೆಸರು ಅಲ್ಲಿ ಮೊದಲೇ ಓಡಾಡುತ್ತಿತ್ತು. 2022ರ ಫೆಬ್ರವರಿಯಲ್ಲಿ ಸೆನೆಗಲ್ ಮೊಟ್ಟಮೊದಲ ಸಲ ಆಫ್ರಿಕಾ ಕಪ್ ಗೆದ್ದ ತಂಡದಲ್ಲಿ 19 ವರ್ಷದ ಸಾರ್ ಇದ್ದ. ತಂಡ ವಾಪಸ್ ಬಂದ ದಿನ ಡಾಕರ್ ಬೀದಿಗಳಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಅದೇ ವರ್ಷ ಆಫ್ರಿಕಾದ ಅತ್ಯುತ್ತಮ ಯುವ ಆಟಗಾರ ಪ್ರಶಸ್ತಿಯೂ ಅವನಿಗೇ ಬಂತು.

ಅಲ್ಲಿ ಫುಟ್‌ಬಾಲ್ ಹುಚ್ಚು ಆನ್‌ಲೈನ್‌ನಿಂದ ಹುಟ್ಟಿದ್ದಲ್ಲ ಅನ್ನೋದನ್ನೂ ಹೇಳಬೇಕು. ಮಳೆಗಾಲದ ರಜೆಯಲ್ಲಿ ನವೆತಾನ್ ಅಂತ ಕೇರಿ ಕೇರಿಗಳ ನಡುವೆ ಟೂರ್ನಿ ನಡೆಯುತ್ತದೆ. ಪ್ರತಿ ಕೇರಿಗೂ ಒಂದು ಸಂಘ, ಒಂದು ಬಣ್ಣ, ಒಂದು ಹಾಡು. ದೇಶದ ಲೀಗ್ ಪಂದ್ಯಕ್ಕೆ ಬಾರದ ಜನ ಇದಕ್ಕೆ ಕಿಕ್ಕಿರಿದು ಬರುತ್ತಾರೆ. ಆ ಕೂಗಾಟ, ಆ ಕಾಲೆಳೆದಾಟ ಈಗ ಫೋನಿಗೂ ಬಂದಿದೆ, ಅಷ್ಟೇ. ಎಕ್ಸ್‌ನಲ್ಲಿ ಸೆನೆಗಲ್‌ನವರು ತಮ್ಮ ಹರಟೆಕಟ್ಟೆಗೆ ಕೆಬೆಟು ಅನ್ನೋ ಹ್ಯಾಶ್‌ಟ್ಯಾಗ್ ಹಾಕಿಕೊಳ್ಳುತ್ತಾರೆ. ಅರ್ಧ ಫ್ರೆಂಚ್, ಅರ್ಧ ಅಲ್ಲಿನವರ ಆಡುಮಾತು ವೊಲೊಫ್. ದೇಶದ ತಂಡ ಆಡುವ ರಾತ್ರಿ ಅಲ್ಲಿ ಹೋಗಿ ನೋಡಿ, ಭಾಷೆ ಬಾರದಿದ್ದರೂ ಬಿಸಿ ಗೊತ್ತಾಗುತ್ತದೆ. ಪ್ಯಾರಿಸ್, ಮಿಲಾನ್, ಬಾರ್ಸಿಲೋನಾ, ನ್ಯೂಯಾರ್ಕ್‌ನಲ್ಲಿ ದುಡಿಯುವ ಸೆನೆಗಲ್‌ನವರಿಗೂ ಊರಿನ ಜೊತೆ ಮಾತಾಡೋಕೆ ಇದೇ ಜಾಗ. ಹಾಗೆ ನೋಡಿದರೆ ಟಿಕ್‌ಟಾಕ್‌ನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಫಾಲೋವರ್ಸ್ ಅಂತ 2022ರಲ್ಲಿ ಹೆಸರು ಮಾಡಿದ ಖಾಬಿ ಲೇಮ್ ಹುಟ್ಟಿದ್ದೂ ಸೆನೆಗಲ್‌ನಲ್ಲೇ, ಬೆಳೆದಿದ್ದು ಇಟಲಿಯಲ್ಲಿ.

ಟಿಕ್‌ಟಾಕ್ ಅಂದಾಗ ಒಂದು ವಿಷಯ ನೆನಪಾಯಿತು. 2023ರ ಆಗಸ್ಟ್ ಮೊದಲ ವಾರ, ವಿರೋಧ ಪಕ್ಷದ ನಾಯಕ ಉಸ್ಮಾನ್ ಸೊಂಕೊ ಬಂಧನದ ಗಲಾಟೆಯಲ್ಲಿ ಸೆನೆಗಲ್ ಸರ್ಕಾರ ಟಿಕ್‌ಟಾಕ್ ನಿಲ್ಲಿಸಿಬಿಟ್ಟಿತು. ಅದೇ ತಿಂಗಳ 19ಕ್ಕೆ ಸಾರ್ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಟಾಟೆನ್‌ಹ್ಯಾಮ್ ಪರ ತನ್ನ ಮೊದಲ ಗೋಲು ಹೊಡೆದ. ಟಿಕ್‌ಟಾಕ್ ಇರುವ ಬಾಕಿ ದೇಶಗಳಲ್ಲಿ ಅದರ ತುಂಬ ಆ ಗೋಲು, ಅವನ ಸ್ವಂತ ದೇಶದಲ್ಲಿ ಆ ಆ್ಯಪ್ ಬಂದ್. ಊರಿನವರು ವಿಪಿಎನ್ ಹಾಕಿಯೋ ವಾಟ್ಸ್ಆ್ಯಪ್‌ನಲ್ಲೋ ನೋಡಿಕೊಳ್ಳಬೇಕಿತ್ತು. ವಾಟ್ಸ್ಆ್ಯಪ್‌ನಲ್ಲಿ ಎಷ್ಟು ಸಲ ಹಂಚಿದರೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆಟಗಾರನ ಜನಪ್ರಿಯತೆ ಅಳೆಯೋಕೆ ನಾವು ಬಳಸುವ ಅಂಕಿಗಳಲ್ಲಿ ಅವನನ್ನು ಹೆಚ್ಚು ಪ್ರೀತಿಸುವ ಜನರೇ ಬಿಟ್ಟುಹೋಗಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಗುಂಪಿಗೆ ಹಾಂಗ್‌ಕಾಂಗ್ ಗೋಲು ಅಷ್ಟೇನೂ ದೊಡ್ಡದಲ್ಲ. ಅವರಿಗೆ ದೊಡ್ಡದು 2025ರ ಸೆಪ್ಟೆಂಬರ್ 9. ವಿಶ್ವಕಪ್ ಅರ್ಹತಾ ಪಂದ್ಯ, ಕಿನ್ಶಾಸಾದಲ್ಲಿ, ಕಾಂಗೋ ವಿರುದ್ಧ. ಸೆನೆಗಲ್ 0-2 ಹಿಂದಿತ್ತು. ಪಾಪ್ ಗೆಯ್ ಒಂದು ಹೊಡೆದ. ನೀವು ಹೇಳಿದ ಜಾಕ್ಸನ್ ಇನ್ನೊಂದು ಹೊಡೆದು ಸಮ ಮಾಡಿದ. ಕೊನೇ ನಿಮಿಷಗಳಲ್ಲಿ ಸಾರ್ ಮೂರನೆಯದು ಹೊಡೆದ. ಎದುರಾಳಿ ನೆಲದಲ್ಲಿ, ಅಷ್ಟು ದೊಡ್ಡ ಜನಸಾಗರದ ಎದುರು, 3-2. ಭಾರತದಲ್ಲಿ ಆ ಪಂದ್ಯ ಎಷ್ಟು ಜನ ನೋಡಿದರೋ! ಡಾಕರ್‌ನಲ್ಲಿ ಮಾತ್ರ ಅದನ್ನ ಇನ್ನೂ ಹೇಳಿಕೊಂಡು ಓಡಾಡುತ್ತಾರೆ.

ಈಗ ಜಾಕ್ಸನ್. ನಿಮ್ಮ ರೂಮ್‌ಮೇಟ್‌ಗಳ ನಗು ಇದೆಯಲ್ಲ, ಅದೂ ಜನಪ್ರಿಯತೆಯೇ. ಹೊಗಳೋಕೆ ಹತ್ತು ಸೆಕೆಂಡ್ ನೋಡಿದರೂ, ಬೈಯೋಕೆ ಹತ್ತು ಸೆಕೆಂಡ್ ನೋಡಿದರೂ ಆ್ಯಪ್‌ಗೆ ಎರಡೂ ಒಂದೇ. ಬೈಯುವವರು ಇನ್ನೂ ಲಾಭ, ಯಾಕೆಂದರೆ ಅವರು ಜಗಳ ಆಡುತ್ತಾರೆ, ಜಗಳ ಅಂದರೆ ಇನ್ನಷ್ಟು ಕಾಮೆಂಟ್. ಗಾಂಬಿಯಾದಲ್ಲಿ ಹುಟ್ಟಿ, ದಕ್ಷಿಣ ಸೆನೆಗಲ್‌ನ ಜಿಗಿಂಶೋರ್‌ನಲ್ಲಿ ಬೆಳೆದು, ಅಲ್ಲಿನ ಕಾಸಾ ಸ್ಪೋರ್ಟ್ಸ್‌ನಿಂದ ಸ್ಪೇನ್‌ನ ವಿಯ್ಯಾರಿಯಲ್‌ಗೆ ಹೋದ ಹುಡುಗ ಅವನು. 2023ರಲ್ಲಿ ಚೆಲ್ಸಿಗೆ ಬಂದ. ಮೊದಲ ಸೀಸನ್‌ನಲ್ಲೇ ಲೀಗ್‌ನಲ್ಲಿ 14 ಗೋಲು. 22ರ ಹುಡುಗನಿಗೆ, ತಾನೇ ತಡವರಿಸುತ್ತಿದ್ದ ತಂಡದಲ್ಲಿ, ಅದು ಕಡಿಮೆಯೇನಲ್ಲ. ಆದರೆ ಯಾರಿಗೂ ಆ 14 ನೆನಪಿಲ್ಲ. ಗೋಲಿನ ಎದುರು ಕೈತಪ್ಪಿದ ಅವಕಾಶಗಳ ತುಣುಕು, ತಮಾಷೆ ಸಂಗೀತ ಹಾಕಿ ಜೋಡಿಸಿದ್ದು, ಅದೇ ನೆನಪು.

2023ರ ನವೆಂಬರ್ 6ರಂದು ಟಾಟೆನ್‌ಹ್ಯಾಮ್ ವಿರುದ್ಧ ಜಾಕ್ಸನ್ ಹ್ಯಾಟ್ರಿಕ್ ಹೊಡೆದ, ಚೆಲ್ಸಿ 4-1ರಿಂದ ಗೆದ್ದಿತು. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಹೊತ್ತು ಮೆರೆಸುತ್ತಿದ್ದರು. ಆ ದಿನ ಟಾಟೆನ್‌ಹ್ಯಾಮ್‌ನ ಇಬ್ಬರಿಗೆ ರೆಡ್ ಕಾರ್ಡ್ ಆಗಿ ಒಂಬತ್ತೇ ಜನ ಉಳಿದಿದ್ದರು. ಹಾಗಾಗಿ ಹ್ಯಾಟ್ರಿಕ್ಕೂ ನಗೆಪಾಟಲು. ಒಂದು ಸಲ ಒಬ್ಬನ ಮೇಲೆ ತಮಾಷೆಯ ಹಣೆಪಟ್ಟಿ ಬಿದ್ದರೆ ಆಮೇಲೆ ಅವನು ಏನು ಮಾಡಿದರೂ ಅದೇ ತಮಾಷೆಗೆ ಇನ್ನೊಂದು ಸಾಲು ಸೇರುತ್ತದೆ. 2025ರ ಮೇನಲ್ಲಿ ನ್ಯೂಕ್ಯಾಸಲ್ ವಿರುದ್ಧ, ಜೂನ್‌ನಲ್ಲಿ ಕ್ಲಬ್ ವಿಶ್ವಕಪ್‌ನಲ್ಲಿ ಫ್ಲಮೆಂಗೊ ವಿರುದ್ಧ ರೆಡ್ ಕಾರ್ಡ್ ತಿಂದಾಗ ಸರಿಯಾಗಿ ಬೈಗುಳ ಬಿತ್ತು. ಅದು ನ್ಯಾಯವೇ ಅನ್ನೋಣ, ಎರಡೂ ಬೇಕಿಲ್ಲದ ತಪ್ಪುಗಳು. ಆದರೆ ಅದೇ ಬೇಸಿಗೆ ಕೊನೆಯಲ್ಲಿ ಬಯರ್ನ್ ಮ್ಯೂನಿಕ್ ಅವನನ್ನು ಎರವಲು ತಗೊಂಡು ಹೋಯಿತು. ಯುರೋಪಿನ ಅತಿ ದೊಡ್ಡ ಕ್ಲಬ್‌ಗಳಲ್ಲಿ ಒಂದು ಅದು. ಆಟಗಾರನನ್ನು ಆರಿಸುವವರು ಮೀಮ್ ನೋಡಿ ಆರಿಸುವುದಿಲ್ಲ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಕಾಲೆಳೆಯೋದು ಬೇರೆ, ಕಪ್ಪು ಬಣ್ಣದ ಆಟಗಾರರ ಕಾಮೆಂಟ್ ಪೆಟ್ಟಿಗೆಗೆ ಹೋಗಿ ಬಾಯಿಗೆ ಬಂದಿದ್ದು ಬರೆಯೋದು ಬೇರೆ. ಅದು ಎಷ್ಟು ಮಿತಿ ಮೀರಿತ್ತು ಅಂದರೆ 2021ರ ಏಪ್ರಿಲ್ 30ರಿಂದ ಮೇ 3ರವರೆಗೆ ಇಂಗ್ಲೆಂಡ್‌ನ ಕ್ಲಬ್‌ಗಳು ಒಟ್ಟಿಗೆ ಸೋಷಿಯಲ್ ಮೀಡಿಯಾವನ್ನೇ ಬಹಿಷ್ಕರಿಸಿದ್ದವು. ಭಾರತದ ಖಾತೆಗಳಿಂದಲೂ ಅಂಥ ಮಾತು ಹೋಗುತ್ತದೆ. ನಮ್ಮ ಫುಟ್‌ಬಾಲ್ ಲೀಗ್ ಐಎಸ್ಎಲ್‌ನಲ್ಲೇ ಗೋವಾ, ಮುಂಬೈ, ಒಡಿಶಾ ತಂಡಗಳಿಗೆ ವರ್ಷಗಟ್ಟಲೆ ಆಡಿದ ಮುರ್ತದಾ ಫಾಲ್ ಸೆನೆಗಲ್‌ನವರು. ಅವರ ಆಟ ನೋಡಿ ಕೈ ತಟ್ಟಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನಕಲಿ ಫಾಲೋವರ್ಸ್ ಕಂಡುಹಿಡಿಯೋದು ಹೇಗೆ? ಫಾಲೋವರ್ಸ್ ಅಂಕಿ ನೋಡಬೇಡಿ. ಸೋತ ಪಂದ್ಯದ ಮಾರನೇ ದಿನದ ಪೋಸ್ಟ್ ತೆಗೆದು ಕಾಮೆಂಟ್ ಓದಿ. ಬೈಗುಳ, ಸಮಾಧಾನ, ನಾಲ್ಕು ಭಾಷೆ, ಯಾರದೋ ಸ್ವಂತ ಜಗಳ, ಇವೆಲ್ಲ ಇದ್ದರೆ ಜನ ನಿಜ. ಬರೀ ಬೆಂಕಿ ಇಮೋಜಿ, ಒಂದೇ ಥರದ ಹೊಗಳಿಕೆ, ಪಂದ್ಯದ ಸುದ್ದಿಯೇ ಇಲ್ಲದಿದ್ದರೆ ಅನುಮಾನ ಪಡಿ. ಸಾರ್‌ನ ಪೋಸ್ಟ್‌ಗಳ ಕೆಳಗೆ ಇಂಗ್ಲಿಷ್, ಫ್ರೆಂಚ್, ವೊಲೊಫ್, ಕೊರಿಯನ್ ಎಲ್ಲವೂ ಕಲಸಿಕೊಂಡಿರುತ್ತವೆ. ದುಡ್ಡು ಕೊಟ್ಟು ಇಂಥ ಗದ್ದಲ ತರಿಸೋಕೆ ಆಗಲ್ಲ.

ಹುಡುಕಾಟದ ಅಂಕಿ ತೋರಿಸಿ ಯಾರಾದರೂ ವಾದ ಮಾಡಿದರೆ ಇನ್ನೊಂದು ಎಚ್ಚರಿಕೆ. 2025ರ ಮೇ 17ರಂದು ಇಸ್ಮಾಯಿಲಾ ಸಾರ್ ಆಡುವ ಕ್ರಿಸ್ಟಲ್ ಪ್ಯಾಲೇಸ್ ಎಫ್ಎ ಕಪ್ ಗೆದ್ದಿತು. ನಾಲ್ಕು ದಿನ ಬಿಟ್ಟು ಪಾಪ್ ಸಾರ್‌ನ ಟಾಟೆನ್‌ಹ್ಯಾಮ್ ಯುರೋಪಾ ಲೀಗ್ ಗೆದ್ದಿತು. ಇಬ್ಬರೂ ಸೆನೆಗಲ್, ಇಬ್ಬರೂ ಲಂಡನ್, ಇಬ್ಬರೂ ಸಾರ್. ಆ ವಾರ ಸಾರ್ ಅಂತ ಹುಡುಕಿದವರು ಯಾರನ್ನು ಹುಡುಕಿದರು ಅಂತ ಗೂಗಲ್‌ಗೂ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ತಪ್ಪು ಸಾರ್‌ಗೆ ಟ್ಯಾಗ್ ಹಾಕೋದಂತೂ ದಿನಾ ನಡೆಯುತ್ತದೆ.

ಕೊನೇ ಪ್ರಶ್ನೆ, ಆಟಗಾರನಿಗೆ ಏನು ಸಿಗುತ್ತೆ. ನೇರವಾಗಿ ಸಿಗೋದು ಶೂ ಕಂಪನಿ ಥರದ ಜಾಹೀರಾತು ಒಪ್ಪಂದಗಳಲ್ಲಿ. ಅಲ್ಲಿ ಅಂಕಿ ನೋಡುತ್ತಾರೆ, ಯಾವ ದೇಶದ ಜನ ಅನ್ನೋದನ್ನೂ ನೋಡುತ್ತಾರೆ. ಏಷ್ಯಾದಲ್ಲಿ ಒಂದು ಗುಂಪು, ಆಫ್ರಿಕಾದಲ್ಲಿ ಒಂದು ಗುಂಪು, ಇಂಗ್ಲೆಂಡ್‌ನಲ್ಲಿ ಒಂದು ಗುಂಪು ಇರುವ ಆಟಗಾರನಿಗೆ ಏಜೆಂಟ್ ಚೌಕಾಸಿ ಮಾಡೋಕೆ ಸುಲಭ. ಕ್ಲಬ್‌ಗೆ ಜೆರ್ಸಿ ಮಾರೋಕೆ, ಬೇಸಿಗೆ ಪ್ರವಾಸದ ಟಿಕೆಟ್ ಮಾರೋಕೆ ಸಹಾಯ. ಸಂಬಳಕ್ಕೆ ಇದರ ಸಂಬಂಧ ಕಡಿಮೆ. 2024ರ ಜನವರಿಯಲ್ಲಿ ಟಾಟೆನ್‌ಹ್ಯಾಮ್ ಸಾರ್‌ಗೆ 2030ರವರೆಗೆ ಹೊಸ ಒಪ್ಪಂದ ಕೊಟ್ಟಿತು. ಹಾಂಗ್‌ಕಾಂಗ್ ಗೋಲು ಆಗ ಇನ್ನೂ ಒಂದೂವರೆ ವರ್ಷ ದೂರ ಇತ್ತು. ಕ್ಲಬ್ ದುಡ್ಡು ಕೊಟ್ಟಿದ್ದು ಕ್ಲಿಪ್‌ನಲ್ಲಿ ಕಾಣದ ಆ ಓಟಕ್ಕೆ. ಮುಂದಿನ ಸಲ ಅವನು ಆಡುವಾಗ ಒಂದು ಹತ್ತು ನಿಮಿಷ ಚೆಂಡು ಬಿಟ್ಟು 29ನೇ ನಂಬರನ್ನೇ ನೋಡಿ. ರೂಮ್‌ಮೇಟ್‌ಗಳಿಗೂ ತೋರಿಸಿ.